ಹೆಂಗೂ ಎಚ್ಚರ ಇರ್ತಾಳ

ಶೇಖರಮ್ಮನಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಆ ಮನೆಯಲ್ಲಿ ಯಾರಿಗೂ ಚಿಂತೆಯ ಮಾತಾಗಿರಲಿಲ್ಲ. ನಿಜ ಹೇಳಬೇಕೆಂದರೆ ಮನೆ ನಡೆಯುತ್ತಿದ್ದುದೇ ಅದರ ಮೇಲೆ.

ಕೊಪ್ಪಳದ ಆ ಓಣಿಯಲ್ಲಿ ಖಡಕ್ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ದೊಡ್ಡಬಸಪ್ಪನ ಮನೆ ಎಂದು ಕೈ ತೋರಿಸುತ್ತಿದ್ದರು. ದೊಡ್ಡಬಸಪ್ಪ ತನ್ನ ಜೀವಮಾನದಲ್ಲಿ ಒಂದು ರೊಟ್ಟಿ ಬಡಿದವನಲ್ಲ. ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಆ ಅಂಗಡಿ ಮುಚ್ಚಿದ ಮೇಲೆ ಮನೆಯ ಕಟ್ಟೆಗೆ ಕುರ್ಚಿ ಹಾಕಿಕೊಂಡು ಕೂತವನು ಮತ್ತೆ ದುಡಿಯಲು ಏಳಲಿಲ್ಲ. ಮಗ ಗುರುಬಸವ ಮೊಬೈಲಿನಲ್ಲಿ ಆರ್ಡರ್ ಹಿಡಿದು, ಗಾಡಿಯ ಮೇಲೆ ಖಾನಾವಳಿಗಳಿಗೆ ಬುಟ್ಟಿ ಮುಟ್ಟಿಸುತ್ತಿದ್ದ. ಸೊಸೆ ದಾನೇಶ್ವರಿ ಮನೆಯ ಅಡುಗೆ, ಬಟ್ಟೆ, ಮುಸುರೆ ನೋಡಿಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವವಳು ಮಾತ್ರ ಶೇಖರಮ್ಮ ಒಬ್ಬಳೇ. ನೆಲದ ಒಲೆಯ ಮುಂದೆ ಬಲಗಾಲು ಮಡಿಚಿ, ಎಡಗಾಲು ಚಾಚಿ ಕೂತು ಬಡಿಯುವುದು ಅವಳ ರೂಢಿ. ಮದುವೆಯಾಗಿ ಬಂದಾಗಿನಿಂದ ಮಡಿಚಿದ ಆ ಕಾಲು ಈಗ ಐವತ್ತೆಂಟರ ವಯಸ್ಸಿನಲ್ಲಿ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ಹಗಲು ಹೇಗೋ ಕುಂಟಿಕೊಂಡು ಕಳೆದರೂ, ರಾತ್ರಿ ಹಾಸಿಗೆಗೆ ಬಿದ್ದಾಗ ಮೊಣಕಾಲೊಳಗೆ ಯಾರೋ ಖಾರ ಅರೆಯಲು ಕೂತಂತಾಗುತ್ತಿತ್ತು.

ಮೊದಮೊದಲು ಸುಮ್ಮನೆ ಹೊರಳಾಡುತ್ತಿದ್ದಳು. ಒಂದು ದಿನ, ಬಿದ್ದುಕೊಂಡು ನರಳುವ ಬದಲು ಹೊತ್ತಾದರೂ ಹೋಗಲಿ ಎಂದು ಎದ್ದು ಎಸರಿಟ್ಟು ಹಿಟ್ಟು ನಾದಿದಳು. ಅದೇ ಅವಳು ಮಾಡಿದ ತಪ್ಪು. ಬೆಳಗಾಗುವಷ್ಟರಲ್ಲಿ ಒಂದು ಬುಟ್ಟಿ ರೊಟ್ಟಿ ತಯಾರಾಗಿದ್ದವು. ದೊಡ್ಡಬಸಪ್ಪ ಹಲ್ಲುಜ್ಜುತ್ತ ಬಂದು ಬುಟ್ಟಿ ನೋಡಿದ, ಹೆಂಡತಿಯ ಮುಖ ನೋಡಲಿಲ್ಲ. ಮರುವಾರ ಮಗ ಇನ್ನೊಂದು ಖಾನಾವಳಿಯ ಆರ್ಡರ್ ಹಿಡಿದು ಬಂದ. ಆಮೇಲೆ ಇನ್ನೊಂದು.

ಅಲ್ಲಿಗೇ ಮುಗಿಯಲಿಲ್ಲ. ನಳದ ನೀರು ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಟಾಕಿ ತುಂಬುವವಳು ಶೇಖರಮ್ಮ. ಮಗ ಗೆಳೆಯರೊಡನೆ ಊಟ ಮುಗಿಸಿ ತಡವಾಗಿ ಬಂದರೆ ಬಾಗಿಲು ತೆಗೆಯುವವಳು ಶೇಖರಮ್ಮ. ನೆನೆಸಿದ ಕಾಳು ಬಸಿಯಬೇಕೇ, ಹಾಲಿಗೆ ಹೆಪ್ಪು ಹಾಕುವುದು ಮರೆತುಹೋಗಿದೆಯೇ, ಎಲ್ಲದಕ್ಕೂ ಮನೆಯಲ್ಲಿ ಒಂದೇ ಮಾತು: "ಹೆಂಗೂ ಎಚ್ಚರ ಇರ್ತಾಳಲ್ಲ." ಮಗನಂತೂ ಮಲಗುವ ಮುಂಚೆ ಥರ್ಮಾಸಿನ ತುಂಬ ಚಹಾ ಹಾಕಿ ಅವಳ ತಲೆದಿಂಬಿನ ಹತ್ತಿರ ಇಟ್ಟು ಹೋಗುತ್ತಿದ್ದ. ನನ್ನ ಮೇಲೆ ಎಷ್ಟು ಜೀವ ಇವನಿಗೆ ಎಂದು ಶೇಖರಮ್ಮ ಹಿಗ್ಗಿದ್ದೂ ಉಂಟು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗುರುಬಸವ ಪುಂಡಿಪಲ್ಯ ಕಲಸುತ್ತ ಹೇಳಿದ, "ಅಳವಂಡಿ ಈಶಪ್ಪನವರ ಮಗಳ ಮದವಿ ಆರ್ಡರ್ ಬಂದೈತೆಪ್ಪಾ. ಇದು ಛಲೋ ಆತಂದ್ರ ಅವ್ರ ಬೀಗರದ್ದೂ ನಮಗ ಬರತೈತಿ."

"ಹಿಡಿ, ಹಿಡಿ," ಎಂದ ದೊಡ್ಡಬಸಪ್ಪ.

"ಒಂದ ಕರಾರು ಐತಿ ಅವ್ರದು. ಹಳೀ ರೊಟ್ಟಿ ವಾಸನಿ ಬರ್ತಾವಂತ. ಮದವಿ ಹಿಂದಿನ ರಾತ್ರಿನ ಬಡದಿರಬೇಕು ಅಂತಾರ."

"ಬಡಿತಾಳೇಳು. ಹೆಂಗೂ ಎಚ್ಚರ ಇರ್ತಾಳಲ್ಲ."

ಶೇಖರಮ್ಮ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. "ರೀ, ನನಗ ಮೊಣಕಾಲು ಮಡಚಾಕ ಆಗವಲ್ದು. ಒಂದು ರಾತ್ರಿ ಕಣ್ತುಂಬ ನಿದ್ದಿ ಬಂದ್ರ ಸಾಕಾಗೈತಿ."

"ವಯಸ್ಸಾದ ಮ್ಯಾಲ ಯಾರಿಗೆ ಬರತೈತಿ ನಿದ್ದಿ?" ಎಂದ ದೊಡ್ಡಬಸಪ್ಪ. ಊಟ ಮುಗಿಸಿ ಕೈ ತೊಳೆದವನೇ ಒಳಕೋಣೆಗೆ ಹೋಗಿ, ಫ್ಯಾನು ಹಾಕಿಕೊಂಡು ಮಲಗಿದ. ಹೆಂಡತಿಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನ ಗೊರಕೆ ಕಟ್ಟೆಯವರೆಗೂ ಕೇಳಿಸುತ್ತಿತ್ತು.

ಎದುರುಮನೆಯ ನೂರಜಾನಬಿಗೂ ಮೊಣಕಾಲು ಬೇನೆ. ಗಂಡ ತೀರಿಕೊಂಡಿದ್ದಾನೆ, ಮಗ ಇಮ್ರಾನ ಆಟೋ ಓಡಿಸುತ್ತಾನೆ. ಗಂಗಾವತಿಯ ಎಲುಬಿನ ಡಾಕ್ಟರಮ್ಮನ ಔಷಧಿಯಿಂದ ನೂರಜಾನಬಿ ಈಗ ಮೆಟ್ಟಿಲು ಹತ್ತುವಷ್ಟಾಗಿದ್ದಳು. ಶೇಖರಮ್ಮನ ಕಣ್ಣ ಕೆಳಗಿನ ಕಪ್ಪು ನೋಡಿ ನೋಡಿ ಸಾಕಾಗಿ, ಒಂದು ದಿನ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಕರೆದಳು.

"ಶೇಖರಮ್ಮಕ್ಕ, ಸೀರಿ ಉಟ್ಕೊಂಡು ಬಾ. ಬಸ್ ಹೆಂಗೂ ಪುಕ್ಕಟೆ ಐತಿ. ಹೋಗಿ ತೋರಿಸ್ಕೊಂಡು ಬರೂಣು."

ದೊಡ್ಡಬಸಪ್ಪ ಕಟ್ಟೆಯ ಮೇಲಿನಿಂದಲೇ ಮೂಗು ಮುರಿದ. ಆದರೆ ಬಸ್ಸಿಗೆ ಹಣ ಕೇಳದ ಹೆಂಗಸರನ್ನು ಯಾವ ನೆಪದಲ್ಲಿ ತಡೆಯುವುದು? ಹೆಂಗಸರಿಬ್ಬರೂ ಹೋದರು.

ಡಾಕ್ಟರಮ್ಮ ಮೊಣಕಾಲು ಒತ್ತಿ ನೋಡಿದಳು, ಮಡಿಚಿ ನೋಡಿದಳು. ಆಮೇಲೆ ಕೇಳಿದಳು, "ರಾತ್ರಿ ಚಹಾ ಕುಡೀತೀರೇನ್ರಿ ಅಮ್ಮಾ?"

"ಕುಡೀತೀನ್ರಿ. ಮಗ ಥರ್ಮಾಸಿನ್ಯಾಗ ಹಾಕಿ ಇಟ್ಟಿರ್ತಾನ. ಹೆಂಗೂ ಎಚ್ಚರ ಇರ್ತೀನಲ್ರಿ."

"ಎಚ್ಚರ ಇರ್ತೀರಂತ ಚಹಾ ಕುಡೀತೀರೋ, ಚಹಾ ಕುಡೀತೀರಂತ ಎಚ್ಚರ ಇರ್ತೀರೋ?"

ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಮುಂದುವರಿಸಿದಳು.

"ನೋವಿಗೆ ನಿದ್ದೆ ಕೆಡತೈತಿ. ನಿದ್ದೆ ಕೆಟ್ಟರ ನೋವು ಇನ್ನಷ್ಟು ಏರತೈತಿ. ಇವೆರಡೂ ಕೈ ಹಿಡ್ಕೊಂಡು ತಿರಗ್ತಾವು. ಮಧ್ಯಾಹ್ನ ಆದಮೇಲೆ ಚಹಾ ಬಂದ್. ರಾತ್ರಿ ಊಟ ಆದಮೇಲೆ ಈ ಗುಳಿಗೆ. ಇನ್ನ ಈ ನೆಲದ ಮ್ಯಾಲೆ ಕೂತು ರೊಟ್ಟಿ ಬಡಿಯೋದು ಬಿಡ್ರಿ. ಒಲೆ ಎತ್ತರದಾಗ ಇಟ್ಟು, ಸ್ಟೂಲಿನ ಮ್ಯಾಲೆ ಕೂತು ಬಡೀರಿ. ಅದೂ ಹಗಲಿನಾಗ."

ಹಿಂದಿರುಗುವಾಗ ದುರ್ಗಮ್ಮನ ಗುಡಿಯಿರುವ ಹೇಮಗುಡ್ಡದ ದಿಕ್ಕಿಗೆ ಬಸ್ಸಿನ ಕಿಟಕಿಯಿಂದಲೇ ಕೈ ಮುಗಿದು ಶೇಖರಮ್ಮ ಬೇಡಿಕೊಂಡಳು. ಕಾಲು ಮೊದಲಿನಂತಾಗಲಿ ಎಂದಲ್ಲ. ಒಂದು ರಾತ್ರಿ ನಿದ್ದೆ ಕೊಡು ತಾಯಿ ಎಂದು, ಅಷ್ಟೇ.

ಒಲೆ ಎತ್ತರಿಸುವ ಮಾತಿಗೆ ದೊಡ್ಡಬಸಪ್ಪ ನಕ್ಕುಬಿಟ್ಟ. "ಸ್ಟೂಲಿನ ಮ್ಯಾಲ ಕುಂತು ಬಡದ್ರ ರೊಟ್ಟಿ ಉಬ್ಬತಾವೇನ? ನೆಲದ ಒಲಿ ರೊಟ್ಟಿ ಅಂತನ ಮಂದಿ ಬರೂದು ನಮ್ಮಲ್ಲಿ." ಮಗನೂ ತಲೆಯಾಡಿಸಿದ. ಒಲೆ ಇದ್ದಲ್ಲೇ ಉಳಿಯಿತು. ಆದರೆ ಗುಳಿಗೆ ಅವಳ ಕೈಯಲ್ಲಿತ್ತು, ಥರ್ಮಾಸನ್ನು ಅವಳೇ ತೊಳೆದು ಗೋಡೆಯ ಮಾಡದಲ್ಲಿ ಬೋರಲು ಹಾಕಿದಳು.

ಮೂರ್ನಾಲ್ಕು ದಿನದಲ್ಲಿ ನಿದ್ದೆ ಬಂತು. ಬಂತೆಂದರೆ ಎಂಥ ನಿದ್ದೆ! ಎಷ್ಟೋ ವರ್ಷಗಳ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸುವಂತೆ ಬಂತು. ಬೆಳಗ್ಗೆ ಎದ್ದಾಗ ಬಿಸಿಲು ಗೋಡೆಯ ಮೇಲಿತ್ತು. ಮೊಣಕಾಲು ನೋಯುತ್ತಿತ್ತು, ಆದರೆ ಆ ನೋವಿಗೆ ಈಗ ಹಲ್ಲಿರಲಿಲ್ಲ. ಬಾಯಿಗೆ ರುಚಿ ಬಂದಿತ್ತು. ಶೇಖರಮ್ಮ ಹಾಸಿಗೆಯಲ್ಲೇ ಕೂತು ಸುಮ್ಮನೆ ನಕ್ಕಳು.

ಹೊರಗೆ ಬಂದರೆ ಮನೆಮಂದಿಯ ಮುಖಗಳು ಸಾವಿನ ಮನೆಯವರಂತಿದ್ದವು.

"ನೀರು ಬಂದು ಹೋಗ್ಯಾವ," ಎಂದಳು ದಾನೇಶ್ವರಿ. "ಟಾಕಿ ಒಣಗೈತಿ. ಇನ್ನ ಯಾವಾಗ ಬಿಡ್ತಾರೋ ಏನೋ."

"ನೀನ ತುಂಬ್ಕೋಬೇಕಿತ್ತಲ್ಲವ್ವಾ."

"ನನಗೇನ ಕನಸು ಬೀಳತೈತೇನ್ರಿ ಅತ್ತಿ, ನೀರು ಬಂದದ್ದು? ನಾ ಮಲಗಿರ್ತೀನಿ."

"ನಾನೂ ಮಲಗಿದ್ನೆವ್ವಾ," ಎಂದಳು ಶೇಖರಮ್ಮ. ಅದನ್ನು ಹೇಳುವಾಗಲೂ ಅವಳಿಗೆ ಹೆಮ್ಮೆಯೆನಿಸಿತು.

ಗುರುಬಸವ ಖಾಲಿ ಬುಟ್ಟಿ ತೋರಿಸಿದ. "ಖಾನಾವಳಿ ಮಂದಿ ಫೋನ್ ಮ್ಯಾಲ ಫೋನ್ ಹಚ್ಚಾಕತ್ತಾರ ಬೇ. ಏನಂತ ಹೇಳ್ಲಿ? ನಮ್ಮವ್ವ ಮಲಗ್ಯಾಳಂತ ಹೇಳ್ಲೇನು?"

"ಹಂಗ ಹೇಳಪ್ಪ. ಅದರಾಗೇನೈತಿ ನಾಚಿಗಿ?"

ಆ ವಾರವಿಡೀ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡಿದವು. ಶೇಖರಮ್ಮ ಹಗಲು ಆದಷ್ಟು ಬಡಿದಳು. ಹೊಸ ಆರ್ಡರ್‌ಗಳಿಗೆ ಅದು ಸಾಲಲಿಲ್ಲ. ಗಂಡ ಊಟದ ತಟ್ಟೆಯನ್ನು ಸರಿಸಿ ಎದ್ದುಹೋಗುವುದು ಕಲಿತ. ಒಬ್ಬ ಮುದುಕಿ ರಾತ್ರಿ ಮಲಗಿದ್ದಕ್ಕೆ ಮನೆ ಸೂತಕ ಹಿಡಿದು ಕೂತಿತು. ಹೇಳಲಿಕ್ಕೇ ಹೇಸಿಗೆಯಾಗುವ ಮಾತು, ಆದರೆ ನಡೆದದ್ದು ಹಾಗೆಯೇ.

ಅದಾದ ಮೇಲೆ ಒಂದು ಸಂಜೆ ದೊಡ್ಡಬಸಪ್ಪ ಹಳೆಯ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಹಿಡಿದು ಬಂದ. ಮುಖದಲ್ಲಿ ಯಾವತ್ತೂ ಇಲ್ಲದ ಮೆದುತನ.

"ಇಕಾ, ನಿನ್ನ ಸಲುವಾಗಿ ಹೇಮಗುಡ್ಡಕ್ಕ ಹೋಗಿ ಬಂದೆ. ಅಲ್ಲೊಬ್ಬ ವೈದ್ಯ ಅದಾನ. ದುರ್ಗಮ್ಮನ ಪಾದದ ಮುಂದ ಇಟ್ಟು ಪೂಜಿ ಮಾಡಿ ಕೊಟ್ಟಾನ. ಕಷಾಯ ಮಾಡಿ ರಾತ್ರಿ ಉಂಡ ಮ್ಯಾಲ ಕುಡೀಬೇಕು. ಮೊಣಕಾಲು ಹೂವಿನಂಗ ಆಗ್ತಾವಂತ."

"ಗುಳಿಗಿ ಐತಲ್ರಿ."

"ಎರಡೂ ಕೂಡಿದ್ರ ಕಿಡ್ನಿ ಹೋಗ್ತಾವಂತ ಹೇಳ್ಯಾನ. ಗುಳಿಗಿ ಬಿಟ್ಟುಬಿಡು."

ಗಂಡ ತನಗಾಗಿ ಊರು ಬಿಟ್ಟು ಊರಿಗೆ ಹೋದದ್ದು ಶೇಖರಮ್ಮನ ನೆನಪಿನಲ್ಲಿ ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ದಾನೇಶ್ವರಿ ತಾನೇ ಕಷಾಯ ಕುದಿಸಿ, ಶುಂಠಿ, ಮೆಣಸು, ಬೆಲ್ಲ ಹಾಕಿ ತಂದುಕೊಟ್ಟಳು. ಕಪ್ಪಗೆ, ಕಹಿಯಾಗಿ, ಗಂಟಲು ಸುಡುವಂತಿತ್ತು. ದೇವಿಯ ಪ್ರಸಾದವೆಂದು ಶೇಖರಮ್ಮ ಲೋಟವನ್ನು ಹಣೆಗೆ ಒತ್ತಿಕೊಂಡು ಕುಡಿದಳು. ಸೊಸೆ ನಿಂತಲ್ಲೇ ಲೋಟ ತೆಗೆದುಕೊಂಡು, ಪಾತ್ರೆಯ ಸಮೇತ ತೊಳೆದಿಟ್ಟಳು.

ನಿದ್ದೆ ಹೋಯಿತು. ಎದೆ ಡವಗುಟ್ಟುತ್ತಿತ್ತು, ಕಣ್ಣು ಚಾವಣಿಗೆ ಅಂಟಿಕೊಂಡಿರುತ್ತಿತ್ತು, ಮೊಣಕಾಲಿಗೆ ಮತ್ತೆ ಹಲ್ಲು ಬಂತು. "ಔಷಧ ಒಗ್ಗೂತನಕ ಹಂಗ," ಎಂದ ಗಂಡ. "ಬ್ಯಾನಿ ಹೊರಗ ಬೀಳಾಕತ್ತೈತಿ," ಎಂದ ಮಗ. ಹೊರಳಾಡಿ ಸಾಕಾಗಿ ಶೇಖರಮ್ಮ ಎದ್ದು ಒಲೆ ಹಚ್ಚಿದಳು. ಮರುದಿನ ಬುಟ್ಟಿ ತುಂಬಿತ್ತು. ಮನೆಯಲ್ಲಿ ನಗು ಬಂತು, ಊಟಕ್ಕೆ ಮೊಸರು ಬಂತು, ಗಂಡ ತಟ್ಟೆಯಲ್ಲಿ ಏನೂ ಉಳಿಸದೆ ಉಂಡ.

"ಏನಾದ್ರೂ ಅನ್ನು, ಗುಳಿಗಿ ಬಿಡಬಾರದಿತ್ತಕ್ಕ," ಎಂದಳು ನೂರಜಾನಬಿ. "ಮುಖ ನೋಡು, ಹೆಂಗಾಗೈತಿ."

"ದೇವಿ ಔಷಧ ಬೀ. ನಡುವ ಬಿಟ್ರ ಮುನೀತಾಳ."

ವಾರಗಳು ಹೀಗೇ ಕಳೆದವು. ಈಶಪ್ಪನವರ ಮದುವೆ ಹತ್ತಿರ ಬಂತು. ಅದರ ಹಿಂದಿನ ದಿನ ಬೆಳಗ್ಗೆ ದಾನೇಶ್ವರಿ ತಳಕಲ್ಲಿನ ತವರಿಗೆ ಹೊರಟಳು. ಅವಳ ತಾಯಿಗೆ ಜ್ವರ, ಸಂಜೆಗೆ ವಾಪಸು ಬರುವುದೆಂದಿತ್ತು. ರಾತ್ರಿಯ ಕಷಾಯವನ್ನು ಮುಂಚೆಯೇ ಕುದಿಸಿ, ಪಾತ್ರೆಗೆ ತಟ್ಟೆ ಮುಚ್ಚಿ ಹೋಗಿದ್ದಳು. ಮಧ್ಯಾಹ್ನ ಬೆಕ್ಕು ಬಂದು ತಟ್ಟೆ ಉರುಳಿಸಿ ಪಾತ್ರೆಗೆ ಬಾಯಿ ಹಾಕಿತು. ಬೆಕ್ಕು ಮುಟ್ಟಿದ್ದನ್ನು ಕುಡಿಯುವುದು ಹೇಗೆ? ಶೇಖರಮ್ಮ ಗೋಡೆ ಹಿಡಿದುಕೊಂಡು ಎದ್ದು, ದೇವಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿ, ಕಷಾಯವನ್ನು ಬಚ್ಚಲಿಗೆ ಚೆಲ್ಲಿದಳು.

ಪಾತ್ರೆಯ ತಳದಿಂದ ಮೆತ್ತಗಿನ, ಕಪ್ಪನೆಯ ಏನೋ ಜಾರಿ ಕಲ್ಲಿನ ಮೇಲೆ ಬಿತ್ತು. ಸತ್ತ ಇಲಿಮರಿಯೆಂದುಕೊಂಡು ಶೇಖರಮ್ಮ ಹಿಂದೆ ಸರಿದಳು. ಇಲಿಯಲ್ಲ. ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿದ ಗಂಟು. ಬಿಚ್ಚಿದಳು. ಕುದಿದು ಕುದಿದು ಉಬ್ಬಿದ ಚಹಾಪುಡಿ, ಒಂದು ಹಿಡಿಯಷ್ಟು. ಬೆಲ್ಲದ ಜಿಗುಟು ಹತ್ತಿ ಬೆರಳಿಗೆ ಅಂಟಿಕೊಂಡಿತು.

ಶೇಖರಮ್ಮ ಮೂಸಿ ನೋಡಿದಳು. ಇದನ್ನು ಅವಳು ಹಣೆಗೆ ಒತ್ತಿಕೊಂಡಿದ್ದಳು. ಇದಕ್ಕೆ ಕಣ್ಣೀರು ಹಾಕಿದ್ದಳು. ಬಚ್ಚಲಲ್ಲೇ ಬಗ್ಗಿ, ಏನೂ ಇಲ್ಲದ ಹೊಟ್ಟೆಯಿಂದ ಹುಳಿನೀರು ಕಾರಿಕೊಂಡಳು. ಬಾಯಿ ತೊಳೆದಳು, ಮತ್ತೆ ತೊಳೆದಳು, ಕಹಿ ಹೋಗಲಿಲ್ಲ.

ಗಂಡ ಒಳಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಅವಳು ಆ ಗಂಟನ್ನು ತಂದು ಅವನ ಬಿಳಿ ಬನಿಯನ್ನಿನ ಮೇಲೆ, ಎದೆಯ ನಡುವೆ ಇಟ್ಟಳು. ತಣ್ಣಗೆ ತಾಗಿ ದೊಡ್ಡಬಸಪ್ಪ ಕಿರುಚಿಕೊಂಡು ಎದ್ದ.

"ಏನಿದು? ಏನಿದು?"

"ದುರ್ಗಮ್ಮನ ಪ್ರಸಾದ್ರೀ. ಗುರ್ತು ಹತ್ತಲಿಲ್ಲೇನು?"

ದೊಡ್ಡಬಸಪ್ಪ ಗಂಟನ್ನು ನೋಡಿದ. ಅವನ ಮುಖದಲ್ಲಿ ನಾಚಿಕೆ ಬರಬಹುದೆಂದು ಶೇಖರಮ್ಮ ಕಾದಳು. ಬಂದದ್ದು ಸಿಟ್ಟು. "ಪಾತ್ರಿ ತೊಳಿ ಅಂತ ನಿನಗ ಯಾರ ಹೇಳಿದ್ರು?"

ಗದ್ದಲ ಕೇಳಿ ಗುರುಬಸವ ಬಂದ. ಅವನು ನೋಡಿದ್ದೇ ನೆಲ.

"ನಿನಗೂ ಗೊತ್ತಿತ್ತೇನೋ?"

"ಅಪ್ಪ ಹೇಳಿದ ಬೇ. ವಿಷ ಏನ ಹಾಕಿಲ್ಲಲ್ಲ, ಚಾಪುಡಿ. ನೀ ಮೊದಲಿಂದ ಕುಡಿಯೂದ ಅದನ್ನ."

"ಹೇಮಗುಡ್ಡಕ್ಕ ಹೋಗಿದ್ರಂತಲ್ಲ ನಿಮ್ಮಪ್ಪ?"

"ಎಲ್ಲಿ ಹೋಗ್ಯಾನ, ಕಿರಾಣಿ ಅಂಗಡ್ಯಾಗಿಂದ ತಂದಾನ," ಎಂದ ಮಗ. ಇಷ್ಟು ಹೇಳಿದ್ದರಿಂದಲೇ ತಾನು ಒಳ್ಳೆಯವನಾದೆ ಎಂಬಂತಿತ್ತು ಅವನ ದನಿ. ಆ ದನಿಯೇ ಶೇಖರಮ್ಮನಿಗೆ ಗಂಟಿಗಿಂತ ಹೆಚ್ಚು ವಾಕರಿಕೆ ತರಿಸಿತು.

ಸಂಜೆ ಚೀಲ ಹಿಡಿದು ಒಳಬಂದ ದಾನೇಶ್ವರಿ ಮಾವ ಒಲೆಯತ್ತ ಎಸೆದಿದ್ದ ಗಂಟು ಕಂಡು ಬಾಗಿಲಲ್ಲೇ ನಿಂತಳು. ಅವಳು ಮಾತ್ರ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಲಿಲ್ಲ.

"ಹೌದ್ರಿ ಅತ್ತಿ, ನಾನ ಕಟ್ಟಿ ಹಾಕೀನಿ. ನೀವು ಮಲಗಿದ್ರ ಆ ಒಲಿ ಮುಂದ ಯಾರ ಕುಂದ್ರಬೇಕಾಗಿತ್ತು? ನಾ. ನಿಮ್ಮ ಮೊಣಕಾಲು ನೋಡಿ ನೋಡಿ ನನಗ ಹೆದರಿಕಿ ಬಂದಿತ್ತು. ಇವ್ರೇನ ಕುಂದ್ರತಿದ್ರೇನು?"

"ಹಂಗಂತ ಬಾಯ್ಬಿಟ್ಟು ಹೇಳಬೇಕಿತ್ತಲ್ಲವ್ವಾ. ಇಬ್ರೂ ಕೂಡಿ ಒಲಿ ಎತ್ತರ ಮಾಡಿಸ್ತಿದ್ವಿ."

ದಾನೇಶ್ವರಿ ಚೀಲ ಎತ್ತಿಕೊಂಡು ಒಳಗೆ ಹೋದಳು.

ದೊಡ್ಡಬಸಪ್ಪ ಹೊತ್ತು ನೋಡಿ ದನಿ ಇಳಿಸಿದ. ಆ ಮೆದುತನ ಮತ್ತೆ ಬಂತು, ಪೊಟ್ಟಣ ತಂದ ದಿನದ್ದೇ ಮೆದುತನ. "ಆದದ್ದಾತು. ನಾಳಿ ಮುಂಜಾನೆ ಮದವಿ ರೊಟ್ಟಿ ಒಯ್ಯಾಕ ಟೆಂಪೋ ಬರತೈತಿ. ಇವತ್ತೊಂದು ರಾತ್ರಿ ಬಡದು ಕೊಟ್ಟಬಿಡು. ನಾಳಿಯಿಂದ ಬೇಕಾದ್ರ ತಿಂಗಳಗಟ್ಟಲೆ ಮಲಗು."

ಶೇಖರಮ್ಮ ಟ್ರಂಕಿನಿಂದ ಡಾಕ್ಟರಮ್ಮ ಕೊಟ್ಟ ಗುಳಿಗೆ ತೆಗೆದುಕೊಂಡಳು, ಒಂದು ಕೌದಿ ಹೆಗಲಿಗೆ ಹಾಕಿಕೊಂಡಳು, ಕುಂಟುತ್ತ ಹೊಸ್ತಿಲು ದಾಟಿದಳು.

"ಎಲ್ಲಿಗೆ?"

"ನೂರಜಾನಬಿ ಮನಿಗೆ. ಮಲಗಾಕ."

"ಅವ್ರ ಮನ್ಯಾಗ ಮಲಗ್ತೀಯೇನು? ಮಂದಿ ಏನಂದಾರು?"

ಶೇಖರಮ್ಮ ಬೀದಿಯ ನಡುವೆ ನಿಂತು ತಿರುಗಿದಳು. "ಅವ್ರ ಮನಿ ನೀರು ಕುಡದ್ರ ನಿದ್ದಿ ಹೋಗೂದಿಲ್ರಿ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಮಣ್ಣಿಗೆ ಥೂ ಎಂದು ಉಗುಳಿದಳು. ಗಂಡನ ಎದುರು ಆ ಹೆಂಗಸು ಉಗುಳಿದ್ದು ಅದೇ ಮೊದಲ ಸಲ.

ನೂರಜಾನಬಿ ಬಿಸಿ ಅನ್ನ, ಬೇಳೆಸಾರು ಬಡಿಸಿದಳು, ತನ್ನ ಮಂಚ ಬಿಟ್ಟುಕೊಟ್ಟಳು, ಮೊಣಕಾಲ ಕೆಳಗೆ ಒಂದು ದಿಂಬು ಕೊಟ್ಟಳು. ಗುಳಿಗೆ ನುಂಗಿ, ಶೇಖರಮ್ಮ ಕೌದಿ ಎಳೆದುಕೊಂಡಳು. ಸ್ವಲ್ಪ ಹೊತ್ತು ಮನಸ್ಸು ಕುದಿಯಿತು. ಆಮೇಲೆ ಅದೂ ದಣಿಯಿತು. ಎದುರುಮನೆಯಿಂದ ಹಂಚಿನ ಸದ್ದು, ಬೈದಾಡುವ ಸದ್ದು ಕೇಳಿಬಂತು. ಬರಬರುತ್ತ ಅದು ಬೇರೆ ಯಾವುದೋ ಊರಿನ ಸದ್ದಿನಂತಾಗಿ ನಿಂತಿತು.

ಎದ್ದಾಗ ಚೆನ್ನಾಗಿ ಬೆಳಗಾಗಿತ್ತು. ಮುಖ ತೊಳೆದು, ನೂರಜಾನಬಿ ಕೊಟ್ಟ ಬೆಳಗಿನ ಚಹಾ ಕುಡಿದು, ಹೊರಗೆ ಬಂದಳು. ತನ್ನ ಮನೆಯ ಬಾಗಿಲು ಹಾರು ಹೊಡೆದಿತ್ತು.

ಒಳಗೆ ಹೆಜ್ಜೆ ಇಡಲು ಜಾಗವಿರಲಿಲ್ಲ. ಹಿಟ್ಟು ಚೆಲ್ಲಾಡಿತ್ತು. ಸುಟ್ಟು ಕರಿಯಾದ, ದೇಶದ ನಕ್ಷೆಗಳಂತೆ ಹರಿದ ರೊಟ್ಟಿಗಳು ಅರ್ಧ ಬುಟ್ಟಿಯಷ್ಟಿದ್ದವು. ದಾನೇಶ್ವರಿ ಗೋಡೆಗೆ ಒರಗಿ, ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು ನಿದ್ದೆಹೋಗಿದ್ದಳು. ಗುರುಬಸವ ಹಿಟ್ಟಿನ ಚೀಲದ ಮೇಲೆ ತಲೆಯಿಟ್ಟಿದ್ದ. ದೊಡ್ಡಬಸಪ್ಪ ಒಲೆಯ ಮುಂದೆಯೇ ಉರುಳಿ ಬಾಯಿ ತೆರೆದು ಬಿದ್ದಿದ್ದ. ಕಟಬಾಯಿಯಿಂದ ಸುರಿದ ಜೊಲ್ಲಿಗೆ ಹಿಟ್ಟು ಮೆತ್ತಿಕೊಂಡು ಗಲ್ಲದ ಮೇಲೆ ಕಣಕವಾಗಿತ್ತು. ನೋಡಲಾರದೆ ಶೇಖರಮ್ಮ ಮುಖ ತಿರುಗಿಸಿದಳು.

ಅವಳ ಸೆರಗಿನ ಸಪ್ಪಳಕ್ಕೆ ದೊಡ್ಡಬಸಪ್ಪ ಕಣ್ಣು ಅರ್ಧ ತೆರೆದ. ಯಾರೆಂದು ಗುರುತು ಹತ್ತಿತೋ ಇಲ್ಲವೋ. "ಮೊಣಕಾಲು ಸತ್ತು ಹೋಗ್ಯಾವ," ಎಂದು ಗೊಣಗಿದ. "ಒಂದು ತಾಸು ಮಲಗಾಕ ಬಿಡು. ಕೈ ಮುಗಿತೀನಿ, ಎಬ್ಬಸಬ್ಯಾಡ."

ಒಂದೇ ಒಂದು ರಾತ್ರಿ ಕೂತಿದ್ದ ಅವನು.

ಓಣಿಯ ತುದಿಯಲ್ಲಿ ಹಾರ್ನ್ ಕೇಳಿತು. ಅಳವಂಡಿಯ ಟೆಂಪೋ ಬಂದು ಬಾಗಿಲ ಮುಂದೆ ನಿಂತಿತು. ಚಾಲಕ ಇಳಿದು, ಖಾಲಿ ಬುಟ್ಟಿಗಳನ್ನು ಎಳೆಯುತ್ತ ಕೇಳಿದ, "ಈಶಪ್ಪನವರ ಮದವಿ ರೊಟ್ಟಿರೀ ಯವ್ವಾ. ತಯಾರದಾವಿಲ್ರಿ?"

ಶೇಖರಮ್ಮ ಹೊರಗೆ ಬಂದು, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದಳು. "ಇಲ್ಲಪ್ಪ. ಬಸ್ ಸ್ಟ್ಯಾಂಡ್ ಹಿಂದ ರೊಟ್ಟಿ ಮಾರೂ ಹೆಣ್ಮಕ್ಕಳ ಸಂಘ ಐತಿ. ಬೆಳತನಕ ಪಾಳಿ ಹಚ್ಚಿ ಬಡೀತಾರ ಅವರು. ಅಲ್ಲಿಗೆ ಹೋಗು, ಬೇಕಾದಷ್ಟು ಕೊಡ್ತಾರ. ಇನ್ನ ಮ್ಯಾಲೂ ಅಲ್ಲೇ ತಗೊಳ್ಳಾಕ ಹೇಳು ಈಶಪ್ಪನವರಿಗೆ. ಇಲ್ಲಿ ಬಡಿಯಾವ್ರು ಇಲ್ಲ."

"ಯಾಕ್ರಿ, ಮನ್ಯಾಗ ಯಾರಿಗರ ಆರಾಮಿಲ್ಲೇನು?"

"ಎಲ್ಲಾರೂ ಆರಾಮ ಅದಾರ. ಮಲಗ್ಯಾರ."

"ಹೊತ್ತೇರೇತ್ರಿ! ನಾ ಸಾವ್ಕಾರಗ ಏನ ಹೇಳ್ಲಿ? ಎಬ್ಬಸ್ರಿ ಮತ್ತ."

ಶೇಖರಮ್ಮ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಮಲಗಿದವ್ರನ್ನ ಎಬ್ಬಸಬಾರ್ದಪ್ಪಾ," ಎಂದಳು. "ಪಾಪ ಹತ್ತತೈತಿ."